ಅಟ್ಟದ ಮೇಲಿನ ತೊಟ್ಟಿಲು

ಗೆದ್ದಲು ಮೊದಲು ಕಂಡದ್ದು ನನಗೇ. ದೇವರ ಕೋಣೆಯ ಚೌಕಟ್ಟಿನ ಪಕ್ಕ, ಪೆನ್ಸಿಲಿನಷ್ಟು ದಪ್ಪದ ಒಂದು ಮಣ್ಣಿನ ಗೆರೆ ನೆಲದಿಂದ ಎದ್ದು ಗೋಡೆಗುಂಟ ಮೇಲಕ್ಕೆ ಹೊರಟಿತ್ತು. ಉಗುರಿನಿಂದ ಕೆರೆದೆ. ಒಳಗಿನ ಬಿಳಿ ಹುಳುಗಳು ಬೆಳಕಿಗೆ ಗಾಬರಿಬಿದ್ದು ಓಡಾಡಿದವು. ನಾನು ನಾರಾಯಣಗೂಡದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವಳು. ಈ ಹುಳುವಿನ ಬಾಯಿ, ಹೊಟ್ಟೆ, ಹೊಟ್ಟೆಯೊಳಗೆ ಕೂತು ಕಟ್ಟಿಗೆ ಅರಗಿಸಿಕೊಡುವ ಸೂಕ್ಷ್ಮಜೀವಿ ಎಲ್ಲವನ್ನೂ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿದವಳು. ಸ್ವಂತ ಮನೆಯ ಗೋಡೆಯಲ್ಲಿ ಕಂಡಾಗ ಮಾಡಿದ್ದೇನು? ಹಳೇ ಬಟ್ಟೆಯಿಂದ ಒರೆಸಿ, ಒಂದಿಷ್ಟು ಸೀಮೆಎಣ್ಣೆ ಸುರಿದು, ಯಾರಿಗೂ ಹೇಳದೆ ಸುಮ್ಮನಾದೆ. ಆಗ ನಾನು ಆರು ತಿಂಗಳ ಬಸುರಿ. ಮನೆಯಲ್ಲಿ ಯಾರಿಗೂ ಹೊಸದೊಂದು ತಲೆನೋವು ಬೇಕಾಗಿರಲಿಲ್ಲ.

ಹೈದರಾಬಾದಿಗೆ ಕಂಪ್ಯೂಟರಿನ ಹುಚ್ಚು ಹತ್ತಿದ್ದ ವರ್ಷಗಳು ಅವು. ನನ್ನ ಗಂಡ ಬೆಳಿಗ್ಗೆ ಏಳಕ್ಕೇ ಕಂಪನಿಯ ಬಸ್ಸು ಹತ್ತಿ, ಊರಾಚೆ ಬಂಡೆಗಳನ್ನು ಸಿಡಿಸಿ ಕಟ್ಟಿದ ಗಾಜಿನ ಕಟ್ಟಡಕ್ಕೆ ಹೋಗುತ್ತಿದ್ದರು. ನನ್ನ ತರಗತಿಯಲ್ಲಿ ಹುಡುಗರು ಕಡಿಮೆಯಾಗುತ್ತ ಬಂದಿದ್ದರು. ಎಲ್ಲರಿಗೂ ಗಣಿತ ಬೇಕಿತ್ತು, ಕಪ್ಪೆ ಜಿರಲೆ ಯಾರಿಗೂ ಬೇಡವಾಗಿದ್ದವು. ನಮ್ಮ ಓಣಿಯ ಹಳೇ ಮನೆಗಳು ಒಂದೊಂದಾಗಿ ಬಿಲ್ಡರುಗಳ ಕೈಸೇರಿ ಅಪಾರ್ಟ್‌ಮೆಂಟುಗಳಾಗುತ್ತಿದ್ದವು. ಆ ಬೇಸಿಗೆಯಲ್ಲಿ ಪಕ್ಕದ ಮನೆ ಕೆಡವಿ, ಹಿತ್ತಲಿನ ಮುದಿ ಬೇವಿನ ಮರವನ್ನು ಬುಡಸಮೇತ ಕಿತ್ತು ಪಾಯ ತೋಡಿದರು. ಆ ಬುಡದಲ್ಲಿ ಎಷ್ಟು ಕಾಲದಿಂದ ಸಂಸಾರ ಹೂಡಿದ್ದವೋ ಏನೋ, ನೆಲೆ ಕಳಕೊಂಡ ಹುಳುಗಳು ಕಾಂಪೌಂಡ್ ಗೋಡೆಯ ಕೆಳಗಿಂದ ನಮ್ಮಲ್ಲಿಗೆ ಬಂದವು. ಅತ್ತೆ ಅವಕ್ಕೆ ಒರಲಿ ಎನ್ನುತ್ತಿದ್ದರು, ಓಣಿಯ ತೆಲುಗರು ಚೆದಲು, ಔಷಧದ ಅಂಗಡಿಯವನು ದೀಮಕ್.

ಇಲ್ಲಿ ನಾನು ತೊಟ್ಟಿಲಿನ ವಿಷಯ ಹೇಳಬೇಕು. ಅತ್ತೆಯ ತವರು ಧಾರವಾಡದ ಕಡೆ. ಅವರ ಮೊದಲ ಬಾಣಂತನಕ್ಕೆ ತವರಿನವರು ಕಲಘಟಗಿಯಲ್ಲಿ ಮಾಡಿಸಿ ಕೊಟ್ಟ ಬಣ್ಣದ ತೊಟ್ಟಿಲು ಅದು. ನನ್ನ ಗಂಡ, ಅವರ ಅಣ್ಣ, ಅಕ್ಕ, ನಂಟರಿಷ್ಟರ ಹತ್ತಾರು ಮಕ್ಕಳು ಅದರಲ್ಲೇ ಮಲಗಿ ಎದ್ದವರು. ಕೂಸು ಬೆಳೆದ ಮೇಲೆ ಅದನ್ನು ಬಿಚ್ಚಿ, ಹಲಗೆಗಳನ್ನು ಹಳೇ ಇಳಕಲ್ ಸೀರೆಯಲ್ಲಿ ಸುತ್ತಿ, ಗಂಟು ಕಟ್ಟಿ ಅಟ್ಟಕ್ಕೇರಿಸುವುದು ಪದ್ಧತಿ. ಮತ್ತೆ ಇಳಿಸುವುದು ಕೂಸು ಹುಟ್ಟಿ ಹನ್ನೆರಡನೆಯ ದಿನ, ಹೆಸರಿಡುವಾಗ. ಅದಕ್ಕೆ ಮುಂಚೆ ಮುಟ್ಟುವಂತಿಲ್ಲ. ಹುಟ್ಟದ ಕೂಸಿಗೆ ಏನನ್ನೂ ಸಜ್ಜು ಮಾಡಬಾರದು, ಖಾಲಿ ತೊಟ್ಟಿಲು ತೂಗಬಾರದು.

ಮೊದಲ ಸಲ ಬಸುರಾದಾಗ ನಾನು ಇದನ್ನೆಲ್ಲ ಕೇಳಿ ನಕ್ಕಿದ್ದೆ. ಐದನೆಯ ತಿಂಗಳಲ್ಲಿ ಅತ್ತೆ ಮಗಳ ಮನೆಗೆ ಹೋಗಿದ್ದಾಗ ಗಂಡನ ಕೈಲಿ ತೊಟ್ಟಿಲು ಇಳಿಸಿ, ಜೋಡಿಸಿ, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆ. ಬೆಣ್ಣೆ ಕದಿಯುವ ಕೃಷ್ಣ, ಗಿಣಿ, ನವಿಲು ಎಲ್ಲ ಮಿರಮಿರ ಮಿಂಚಿದವು. ಖುಷಿಗೆ ಒಮ್ಮೆ ಜೋರಾಗಿ ತೂಗಿಯೂ ಬಿಟ್ಟೆ. ಅದಾದ ಹನ್ನೊಂದು ದಿನಕ್ಕೆ ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ಅತ್ತೆ ಒಂದು ಮಾತೂ ಅನ್ನಲಿಲ್ಲ. ಆದರೆ ಅತ್ತೆಯ ನಾದಿನಿ, ನನ್ನ ಗಂಡನ ಸೋದರತ್ತೆ, ಆಸ್ಪತ್ರೆಯಲ್ಲಿ ನನ್ನ ಮಂಚದ ಪಕ್ಕದಲ್ಲೇ ನಿಂತು ಯಾರಿಗೋ ಹೇಳುತ್ತಿದ್ದರು: “ಖಾಲಿ ತೊಟ್ಟಿಲಾ ತೂಗಿದ್ಲಂತ ನೋಡ್ರಿ.” ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಎರಡನೆಯದು ಮೂರು ತಿಂಗಳಿಗೇ ಹೋಯಿತು. ಆಗ ನಾನು ಅಟ್ಟದ ಕಡೆ ತಲೆಯೆತ್ತಿಯೂ ನೋಡಿರಲಿಲ್ಲ, ಆದರೂ ಮನಸ್ಸು ಮೊದಲಿನ ಲೆಕ್ಕವನ್ನೇ ಹಿಡಿದು ಕೂತಿತು. ಕಾಲೇಜಿನಲ್ಲಿ ಪಾಠ ಮಾಡುವವಳು ಬೇರೆ, ಮನೆಗೆ ಬಂದು ಆ ಗಂಟಿನ ಕೆಳಗೆ ಓಡಾಡುವವಳು ಬೇರೆ ಎನ್ನುವ ಹಾಗಾಗಿದ್ದೆ.

ಮೂರನೆಯದು ಇದು. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ತವರಿಗೂ ಹೋಗಿರಲಿಲ್ಲ.

ಸೀಮೆಎಣ್ಣೆಗೆ ಹೆದರುವ ಹುಳುಗಳಲ್ಲ ಅವು. ಏಳನೆಯ ತಿಂಗಳಿಗೆ ಬಚ್ಚಲುಮನೆಯ ಬಾಗಿಲು ಮುಟ್ಟಿದರೆ ಬೆರಳು ಒಳಗೆ ಹೋಗತೊಡಗಿತು. ನನ್ನ ಕಪಾಟಿನ ಕೆಳಖಾನೆಯ ಪುಸ್ತಕಗಳನ್ನು ಎತ್ತಿದರೆ ರಟ್ಟು ಮಾತ್ರ ಕೈಗೆ ಬಂತು. ಹತ್ತು ವರ್ಷದ ನನ್ನ ಪಾಠದ ಟಿಪ್ಪಣಿಗಳು ಮಣ್ಣಾಗಿದ್ದವು, ಗೆದ್ದಲಿನ ಚಿತ್ರ ಬರೆದ ಹಾಳೆಯೂ ಸೇರಿ. ಒಂದು ಮುಂಜಾನೆ ದೇವರ ಕೋಣೆಯ ಚೌಕಟ್ಟಿಗೆ ಅರಿಶಿನ ಹಚ್ಚಲು ಹೋದ ಅತ್ತೆಯ ಹೆಬ್ಬೆರಳು ಕಟ್ಟಿಗೆಯೊಳಗೆ ಇಳಿಯಿತು. ಅವರು ಕೈ ತೊಳೆದುಕೊಂಡು ಬಂದು ನೇರ ಮಗನಿಗೆ ಹೇಳಿದರು: “ಔಷಧ ಹೊಡಿಯಾವ್ರನ್ನ ಕರಸೋ ತಮ್ಮಾ. ಕೂಸು ಬರೂದ್ರಾಗ ಮನಿ ಸ್ವಚ್ಛ ಆಗ್ಬೇಕು.”

ಬಂದವರು ಐವತ್ತು ದಾಟಿದ, ಮಿತಮಾತಿನ ಮನುಷ್ಯ. ನಾವು ನಾವೇ ಮಾತಾಡುವುದನ್ನು ಕೇಳಿ ಮುಖ ಅರಳಿಸಿದರು. “ನೀವ್ ಕನ್ನಡದೋರೇನ್ರಿ? ನಮ್ದು ಯಾದಗಿರಿ ಕಡಿ ರೀ.” ಮೊದಲು ಕಟ್ಟಡದ ಕೆಲಸಕ್ಕೆ ಬಂದು, ಬೆನ್ನು ಹೋದ ಮೇಲೆ ಈ ಕಸುಬು ಹಿಡಿದವರಂತೆ. ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲು, ಕಿಟಕಿ, ಕಪಾಟುಗಳನ್ನೆಲ್ಲ ಬಡಿದು, ಕಿವಿಯಿಟ್ಟು ಕೇಳುತ್ತ ಹೋದರು. ಗಟ್ಟಿ ಕಟ್ಟಿಗೆಯ ಸದ್ದು ಬೇರೆ, ಟೊಳ್ಳಿನದು ಬೇರೆ. ಬಡಿಯುತ್ತ ಬಡಿಯುತ್ತ ಅಡುಗೆಮನೆಯ ಪಕ್ಕದ ಅಟ್ಟದ ಕೆಳಗೆ ಬಂದು ನಿಂತರು.

“ಮ್ಯಾಲ ಏನೈತ್ರಿ?”

“ಹಳೇ ಸಾಮಾನು,” ಎಂದೆ.

“ಕಟ್ಟಿಗಿದ್ದು ಏನರ ಐತೇನ್ರಿ?”

ಗಂಡ ತೊಟ್ಟಿಲಿದೆ ಎಂದರು.

“ಇಳಸಿ ತೋರಸ್ರಿ ಸಾಹೇಬ್ರ. ಈ ಗ್ವಾಡಿ ಮ್ಯಾಲೇ ನೀರಿನ ಟಾಂಕಿ ಐತಿ, ಹಸಿ ಹಿಡದೈತಿ. ಕೆಳಗ ನಾ ಔಷಧ ಹಾಕಿದ್ರೂ ಮ್ಯಾಲ ಹಸಿ ಸಿಕ್ಕರ ಅವು ಅಲ್ಲೇ ಬದಕ್ತಾವ್ರಿ.”

ಗಂಡ ಏಣಿ ತರಲು ಹೊರಟರು. “ಮುಟ್ಟಬ್ಯಾಡ್ರಿ!” ಎಂದು ನಾನು ಚೀರಿದೆ. ಆ ಸ್ವರ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. ಗಂಡ ಸಮಾಧಾನದಿಂದಲೇ ಹೇಳಿದರು, “ನೀ ಓದಿದಾಕಿ. ನೋಡಿದ್ರ ಏನಾಗ್ತದ?” ನಾನು ಕಾಲೇಜಿನಲ್ಲಿ ಹುಡುಗರಿಗೆ ಹೇಳುತ್ತಿದ್ದ ಮಾತೇ ಅದು. ಆ ಹೊತ್ತಿಗೆ ಅದು ನನ್ನನ್ನು ಇನ್ನಷ್ಟು ಕೆರಳಿಸಿತು.

ಆಗ ಅತ್ತೆ ಬಂದರು. ಅವರು ನನ್ನ ಪರ ನಿಲ್ಲುತ್ತಾರೆಂದೇ ಎಣಿಸಿದ್ದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಅಂದರು: “ನನಗೂ ಅಂಜಿಕಿ ಐತಿ ನಮ್ಮವ್ವಾ. ಆದ್ರ ತೂಗಬಾರದು ಅಂತ ಐತಿ, ನೋಡಬಾರದು ಅಂತ ಎಲ್ಲೈತಿ? ಗಂಟ ಬಿಚ್ಚಿ, ನೋಡಿ, ಮತ್ತ ಕಟ್ಟಿ ಇಡೂಣು. ನಾನ ಬಿಚ್ಚತೀನಿ, ನೀ ಒಳಗ ಹೋಗು.”

“ಬಿಚ್ಚಿದ್ರ ನಾ ಈ ಮನ್ಯಾಗ ಇರಂಗಿಲ್ಲ,” ಎಂದೆ. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಎರಡು ಹೋಗಿವೆ, ಇದೂ ಹೋದರೆ ಯಾರು ಹೊಣೆ ಎಂದು ಕೇಳಿದೆ. ಗಂಡ ಏಣಿಯನ್ನು ಗೋಡೆಗೆ ಆನಿಸಿ ಹೊರಗೆ ಹೋದರು. ಔಷಧದವರು ನನ್ನನ್ನೂ ಅಟ್ಟವನ್ನೂ ಒಮ್ಮೆ ನೋಡಿ, “ಹಡದ ಮ್ಯಾಗರ ಮರೀದಂಗ ಬಡದು ನೋಡ್ರಿ,” ಎಂದು ಅತ್ತೆಗೆ ಹೇಳಿದರು.

ಬಸುರಿ ಆ ವಾಸನೆಯಲ್ಲಿ ಇರಬಾರದೆಂದು ನನ್ನನ್ನು ಹಿಮಾಯತ್‌ನಗರದಲ್ಲಿದ್ದ ನನ್ನ ಸಹೋದ್ಯೋಗಿಯ ಮನೆಗೆ ಕಳಿಸಿದರು. ಹದಿನೈದು ದಿನ ಅಲ್ಲಿದ್ದೆ. ಇತ್ತ ಗೋಡೆ ಮತ್ತು ನೆಲ ಕೂಡುವಲ್ಲೆಲ್ಲ ಗೇಣಿಗೊಂದು ತೂತು ಕೊರೆದು, ಔಷಧ ಇಳಿಸಿ, ಸಿಮೆಂಟು ಮೆತ್ತಿದರು. ಮರಳಿ ಬಂದಾಗ ಮನೆಯ ತುಂಬ ಸಾಲು ಸಾಲು ಬಿಳಿ ಚುಕ್ಕೆಗಳು. ದೇವರ ಕೋಣೆಗೆ ಕಬ್ಬಿಣದ ಚೌಕಟ್ಟು ಬಂದಿತ್ತು. ಅಟ್ಟದ ಮೇಲೆ ಇಳಕಲ್ ಸೀರೆಯ ಗಂಟು ಇದ್ದಂತೆಯೇ ಇತ್ತು. ಅದನ್ನು ನೋಡಿ ನನಗೆ ಧೈರ್ಯ ಬಂತು.

ಮಗಳು ಹುಟ್ಟಿದಳು. ಎರಡೂವರೆ ಕಿಲೋ ಇದ್ದಳು, ಗಟ್ಟಿಯಾಗಿ ಅಳುತ್ತಿದ್ದಳು. ಆ ಅಳು ಕೇಳಿ ಅತ್ತೆ ಆಸ್ಪತ್ರೆಯ ಪಡಸಾಲೆಯಲ್ಲೇ ಕೂತು ಅತ್ತರಂತೆ.

ಹನ್ನೆರಡನೆಯ ದಿನ ಮನೆಯ ತುಂಬ ಜನ. ಬೆಳಿಗ್ಗೆ ಗಂಡ ಗಂಟು ಇಳಿಸಿದರು. ಔಷಧದವರು ಹೇಳಿದ್ದನ್ನು ಅತ್ತೆ ಮರೆತಿರಲಿಲ್ಲ, ಅವರು ನೆನಪಿಸಿದ ಮೇಲೆ ಗಂಡ ಬದಿಯ ಹಲಗೆಗಳನ್ನೆಲ್ಲ ಬಡಿದು ನೋಡಿದರು. ಹಳೇ ಸಾಗುವಾನಿ, ಠಣಠಣ ಎಂದಿತು. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ತಳದ ಹಲಗೆಯನ್ನು ಮಾತ್ರ ಯಾವುದೋ ಕಾಲದಲ್ಲಿ ಯಾರೋ ಬದಲಿಸಿ, ಎಂಥದೋ ಮಾಮೂಲಿ ಕಟ್ಟಿಗೆ ಹಾಕಿ, ಮೇಲೆ ದಪ್ಪಗೆ ಕೆಂಪು ಬಣ್ಣ ಬಳಿದಿದ್ದರು. ಅದನ್ನು ಯಾರೂ ಬಡಿದು ನೋಡಲಿಲ್ಲ. ಅಟ್ಟದಲ್ಲಿ ಹಸಿ ಗೋಡೆಗೆ ಒರಗಿದ್ದುದು ಆ ಹಲಗೆಯೇ. ಅದರ ಮೂಲೆಯಲ್ಲಿ ಒಂದಿಷ್ಟು ಮಣ್ಣು ಹತ್ತಿತ್ತು. ಸೋದರತ್ತೆ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೌದಿ ಹಾಸಿಬಿಟ್ಟರು. ಅವರು ಒರೆಸುವುದನ್ನು ನಾನು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದೆ. ಅಟ್ಟದ ಧೂಳು ಎಂದುಕೊಂಡೆ. ಪ್ರಾಣಿಶಾಸ್ತ್ರದ ಮೇಷ್ಟ್ರಮ್ಮ!

ನಮ್ಮಲ್ಲಿ ಕೂಸಿಗಿಂತ ಮೊದಲು ತೊಟ್ಟಿಲಿಗೆ ಒಳಕಲ್ಲಿನ ಗುಂಡನ್ನು ಹಾಕುತ್ತಾರೆ. ತೊಳೆದು, ಕುಂಚಿಗೆ ತೊಡಿಸಿ, ಕುಂಕುಮ ಹಚ್ಚಿ, ಥೇಟ್ ಕೂಸಿನ ಹಾಗೆ ಸಿಂಗರಿಸಿ, ನಾಲ್ಕು ಸಲ ತೂಗಿ ಹಾಡು ಹೇಳುತ್ತಾರೆ. ಕೆಟ್ಟ ದೃಷ್ಟಿ ಏನಿದ್ದರೂ ಕಲ್ಲಿಗೆ ಹೋಗಲಿ ಎಂದು. ಇದನ್ನು ನೋಡಿ ನಾನು ಎಷ್ಟೋ ಮನೆಗಳಲ್ಲಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದೆ. ಆ ದಿನ ಅತ್ತೆಯೇ ಗುಂಡನ್ನು ಎತ್ತಿ ಮಲಗಿಸಿದರು. ಹೆಂಗಸರು ಜೋಗುಳ ಶುರುಮಾಡಿದರು. ಎರಡು ಸಲ ತೂಗಿದರು. ಮೂರನೆಯ ತೂಗಿಗೆ ತಳ ಕಳಚಿತು. ಮುರಿದ ಸದ್ದೂ ಬರಲಿಲ್ಲ, ಹಪ್ಪಳದ ಹಾಗೆ ಪುಡಿಯಾಗಿ ಹೋಯಿತು. ಕುಂಚಿಗೆ ತೊಟ್ಟ ಕಲ್ಲು ನೆಲಕ್ಕೆ ಬಿದ್ದು ಶಹಾಬಾದಿ ಕಲ್ಲಿನ ಹಾಸನ್ನು ಅಡ್ಡಡ್ಡ ಸೀಳಿತು. ಅದರ ಮೇಲೆ ಮಣ್ಣು, ಮಣ್ಣಿನಲ್ಲಿ ಬಿಳಿ ಹುಳುಗಳು.

ಹಾಡು ನಿಂತಿತು. ಮುಂದಿನ ಸರದಿ ನನ್ನ ಮಗಳದು. ನಾನು ಅವಳನ್ನು ಎಷ್ಟು ಬಿಗಿಯಾಗಿ ಒತ್ತಿ ಹಿಡಿದೆನೆಂದರೆ ಅವಳು ಕಿಟಾರನೆ ಚೀರಿದಳು.

ಮೊದಲು ಮಾತಾಡಿದವರು ಸೋದರತ್ತೆ. “ವೈನಿ, ಒರಲಿ ಹತ್ತಿದ ಮನ್ಯಾಗ ತೊಟ್ಟಿಲಾ ಮೊದಲ ತಗದು ನೋಡಬಾರದೇನ? ಯಾರು ಬ್ಯಾಡ ಅಂದವ್ರು?”

ಬಂದವರೆಲ್ಲ ಅತ್ತೆಯ ಕಡೆಗೇ ನೋಡಿದರು. ಉಪವಾಸ, ವ್ರತ, ಮಡಿ ಎಲ್ಲ ಅವರವೇ ತಾನೆ. ಗಂಡ ನನ್ನ ಮುಖ ನೋಡಿದರು. ನಾನು ಮಗಳ ಮುಖ ನೋಡಿದೆ.

“ನಾನ ಬ್ಯಾಡ ಅಂದಿದ್ದೆ,” ಎಂದರು ಅತ್ತೆ.

“ನಿಮ್ಮ ಶಾಸ್ತ್ರ ಕೂಸಿನ್ನ ನುಂಗತಿತ್ತು ಇವತ್ತ,” ಎಂದರು ಸೋದರತ್ತೆ.

“ಹೌದು,” ಎಂದು ಅತ್ತೆ ಕೆಳಗೆ ಕೂತು, ಕಲ್ಲನ್ನು ಮಡಿಲಿಗೆ ಎತ್ತಿಕೊಂಡು, ಅದರ ಕುಂಚಿಗೆಯ ಮಣ್ಣು ಕೊಡವತೊಡಗಿದರು. ‘ಅಲ್ಲ, ನಾನು’ ಎಂದು ಹೇಳಲು ಎರಡೇ ಶಬ್ದ ಸಾಕಿತ್ತು. ಬಾಣಂತಿ ನಾನು, ಎಲ್ಲರೂ ಈಗ ನನ್ನ ಮೇಲೆ ಹರಿಹಾಯುತ್ತಾರೆ, ಆಸ್ಪತ್ರೆಯಲ್ಲಿ ಕೇಳಿದ ಮಾತನ್ನೇ ಮತ್ತೆ ಕೇಳಬೇಕಾಗುತ್ತದೆ ಎಂದು ಹೆದರಿದೆ. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಗಂಡ ನನ್ನ ಸಮಾಧಾನಕ್ಕೆ, ಕಲ್ಲಿನ ಭಾರ ಕೂಸಿನ ಎರಡರಷ್ಟಿತ್ತು, ಕೂಸಾಗಿದ್ದರೆ ಆ ದಿನ ಬೀಳುತ್ತಿರಲಿಲ್ಲ ಎಂದರು. ಆ ದಿನ ಅಲ್ಲದಿದ್ದರೆ ಮುಂದಿನ ವಾರ ಬೀಳುತ್ತಿತ್ತು. ಅದು ಅವರಿಗೂ ಗೊತ್ತಿತ್ತು.

ತೊಟ್ಟಿಲನ್ನು ಹಿತ್ತಲಲ್ಲಿ ಸುಟ್ಟರು. ಕೃಷ್ಣ, ಗಿಣಿ, ನವಿಲುಗಳೆಲ್ಲ ಗಟ್ಟಿಯಾಗಿಯೇ ಇದ್ದವು, ಉರಿಯಲು ಹೊತ್ತು ಹಿಡಿಯಿತು. ಮಗಳನ್ನು ಎಂಟು ತಿಂಗಳವರೆಗೆ ನಾನು ನೆಲದ ಮೇಲೆ ಚಾಪೆ ಹಾಸಿಯೇ ಮಲಗಿಸಿದೆ. ಅವಳನ್ನು ಎತ್ತಿಕೊಳ್ಳುವ ಮುಂಚೆ ಅತ್ತೆ ನನ್ನನ್ನು ಕೇಳತೊಡಗಿದ್ದರು: “ತೊಗೊಳ್ಳೇನು?” ಮೊದಲು ಹಾಗೆ ಕೇಳುತ್ತಿರಲಿಲ್ಲ.

ನಂಟರ ಮನೆಯ ಪ್ರತಿ ತೊಟ್ಟಿಲ ಶಾಸ್ತ್ರದಲ್ಲೂ ಈ ಕಥೆ ಹೊರಬರುತ್ತಿತ್ತು. ಹೇಳುವವರು ಅತ್ತೆಯ ಎದುರಿಗೇ ಹೇಳುತ್ತಿದ್ದರು, ಅತ್ತೆ ಕೋಸಂಬರಿ ಬಡಿಸುತ್ತ ಕೇಳುತ್ತಿದ್ದರು. ಮಗಳಿಗೆ ಆರೋ ಏಳೋ ಇರಬೇಕು, ಹಾಗೆ ಎಲ್ಲೋ ಕೇಳಿಕೊಂಡು ಬಂದವಳು ನನ್ನ ಬಳಿ ಓಡಿಬಂದಳು.

“ಅವ್ವಾ, ಆಯಿ ಸಲುವಾಗಿ ನಾ ತೊಟ್ಟಿಲದಾಗಿಂದ ಬಿದ್ದು ಸಾಯ್ತಿದ್ದೆನಂತ. ಖರೇನ?”

ಅವಳ ಆಯಿ, ಅಂದರೆ ಅತ್ತೆ, ಪಕ್ಕದ ಅಡುಗೆಮನೆಯಲ್ಲಿ ಮೊರ ಹಿಡಿದು ಬೇಳೆ ಕೇರುತ್ತಿದ್ದರು. ನನಗೆ ಇನ್ನೊಂದು ಅವಕಾಶ ಸಿಕ್ಕಿತ್ತು, ಮನೆಯಲ್ಲಿ ನಾವು ಮೂವರೇ ಇದ್ದೆವು.

“ಆಯಿ ಹಳೇ ಕಾಲದವರವ್ವಾ,” ಎಂದೆ. “ಅವರಿಗೆ ಗೊತ್ತಾಗಂಗಿಲ್ಲ.”

ಮೊರದ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.