ಜೋಡಿ ಮನೆಯ ಬಲಗಡೆಯ ಬಾಗಿಲು

ಆ ದಿನದ ಬೆಳಗು ಎಲ್ಲ ದಿನದ ಹಾಗೆಯೇ ಶುರುವಾಯಿತು. ಹೊಸ್ತಿಲು ತೊಳೆದು ರಂಗೋಲಿ ಹಾಕಿದೆ. ಬಾವಿಯಿಂದ ನೀರು ಸೇದಿ ತಂದೆ. ಇವರಿಗೆ ಅವಲಕ್ಕಿ ಕಲಸಿ ಕೊಟ್ಟು ಆಫೀಸಿಗೆ ಕಳಿಸಿದೆ. ಹಾಲನ್ನು ಒಲೆಯ ಮೇಲಿಟ್ಟು ಹಜಾರಕ್ಕೆ ಬಂದು ನೋಡಿದರೆ, ಗುರುತೇ ಇಲ್ಲದ ಇಬ್ಬರು ಗಂಡಸರು ನಮ್ಮ ಕಂಬವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಅದಕ್ಕೆ ಕಿವಿಯಿಟ್ಟು ನಿಂತಿದ್ದರು.

"ಗಾಬ್ರಿ ಬೀಳ್ಬೇಡಿ ಅಮ್ಮ," ಎಂದರು ಅವರಲ್ಲಿ ಜರಿ ರುಮಾಲಿನವರು. "ಮರ ತೇಗವೋ ಬೀಟೆಯೋ ನೋಡ್ತಾ ಇದೀವಿ. ನೀವು ನಿಮ್ ಕೆಲ್ಸ ನೋಡ್ಕಳಿ."

ಅವರು ಶಿರಾ ಗೇಟಿನ ಹತ್ತಿರದ ಬೆಲ್ಲದ ಮಂಡಿಯ ಸಾಹುಕಾರರು. ಜೊತೆಗಿದ್ದವನು ಗಾರೆ ಮೇಸ್ತ್ರಿ. ಮನೆಯನ್ನು ಕೊಂಡು, ಕೆಡವಿ, ಮರಮುಟ್ಟು ಬೇರೆ ಮಾರಿ, ಆ ಜಾಗದಲ್ಲಿ ಬೆಲ್ಲದ ಗೋದಾಮು ಕಟ್ಟುವುದೆಂದು ಅವರ ಮಾತಿನಿಂದಲೇ ತಿಳಿಯಿತು. ಸಂಜೆ ಗುಬ್ಬಿಗೆ ಹೋಗಿ ಮನೆಯ ಒಡತಿಯ ಜೊತೆ ತಾಂಬೂಲ ಬದಲಾಯಿಸಿಕೊಂಡು ಬರುತ್ತಾರಂತೆ. ಇಲ್ಲಿ ಎಲೆ ಅಡಿಕೆ ಕೈ ಬದಲಾದರೆ ಮುಗಿಯಿತು. ಕಾಗದ ಪತ್ರ ಆಮೇಲೆ ಬರುತ್ತದೆ. ತಾಂಬೂಲವಾದ ಮೇಲೆ ಮಾತು ತಪ್ಪಿದವರ ಮನೆಯಿಂದ ಯಾರೂ ಹೆಣ್ಣು ತರುವುದಿಲ್ಲ ಎನ್ನುತ್ತಾರೆ.

ಒಳಗೆ ಹಾಲು ಉಕ್ಕಿ ಒಲೆ ಆರಿತ್ತು.

ಮಂಗಳೂರಿನಲ್ಲಿ ಕೂತು ಇದನ್ನು ಓದುವ ನಿಮಗೆ ಈ ಮನೆಯ ಸ್ವರೂಪ ಹೇಳಬೇಕು. ನಮ್ಮಲ್ಲಿ ಒಂದೊಂದು ಮನೆಯೂ ತನ್ನ ಹಿತ್ತಲು, ತನ್ನ ಬಾವಿ, ತನ್ನ ತೆಂಗಿನ ಮರಗಳ ನಡುವೆ ಒಂಟಿಯಾಗಿ ಇರುತ್ತದೆ. ನೆರೆಯವರನ್ನು ಕರೆಯಬೇಕಾದರೆ ಬೇಲಿಯ ದಣಪೆ ದಾಟಿ ಹೋಗಬೇಕು. ಇಲ್ಲಿ ನಾವು ಇರುವುದು ಜೋಡಿ ಮನೆ. ಬಹಳ ಹಿಂದೆ ಅಣ್ಣತಮ್ಮಂದಿರಿಬ್ಬರು ಕಟ್ಟಿಸಿದ್ದು. ಒಂದೇ ಉದ್ದದ ಜಗಲಿ, ಅದರ ಮೇಲೆ ಪಕ್ಕಪಕ್ಕದಲ್ಲಿ ಎರಡು ಬಾಗಿಲು, ನಡುವೆ ಮಣ್ಣಿನ ದಪ್ಪ ಗೋಡೆ. ಆ ಗೋಡೆ ಹಿತ್ತಲವರೆಗೂ ಹೋಗಿ ಬಾವಿಯ ನೆತ್ತಿಯ ಮೇಲೆ ಹಾದುಹೋಗುತ್ತದೆ. ಬಾವಿ ಅರ್ಧ ನಮ್ಮದು, ಅರ್ಧ ಅವರದು. ಆಚೆ ಒಂದು ರಾಟೆ, ಈಚೆ ಒಂದು ರಾಟೆ. ಬಂದ ಹೊಸದರಲ್ಲಿ ನಾನು ಬಗ್ಗಿ ನೀರು ಸೇದುವಾಗ, ಕೆಳಗೆ ನನ್ನ ಮುಖದ ಪಕ್ಕದಲ್ಲೇ ಇನ್ನೊಂದು ಮುಖ ಕಂಡು ಹಗ್ಗ ಬಿಟ್ಟುಬಿಟ್ಟಿದ್ದೆ. ಆ ಮುಖ ನೀರಿನೊಳಗಿಂದಲೇ, "ಹೊಸಬ್ರಾ?" ಎಂದು ಕೇಳಿತ್ತು.

ಅದು ರಾಜಮ್ಮ. ಕುಣಿಗಲ್ ಕಡೆಯವರು. ಅವರ ಯಜಮಾನರಿಗೆ ಸೈಕಲ್ ಅಂಗಡಿ ಇದೆ. ಅವರೂ ನಮ್ಮಂತೆ ಬಾಡಿಗೆಯವರು.

ಕರಾವಳಿಯೂ ಘಟ್ಟದ ಮೇಲಿನ ಸೀಮೆಯೂ ಒಂದೇ ರಾಜ್ಯವಾದ ಮೇಲೆ ಇವರಿಗೆ ತುಮಕೂರಿಗೆ ವರ್ಗವಾಯಿತು. ಒಂದೇ ಭಾಷೆ ತಾನೆ, ಏನು ಕಷ್ಟ ಎಂದುಕೊಂಡು ನಾನು ಟ್ರಂಕು ಕಟ್ಟಿದ್ದೆ. ಮನೆಯಲ್ಲಿ ತುಳು, ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಪುಸ್ತಕದ ಕನ್ನಡ, ಪೇಟೆಯಲ್ಲಿ ನಮ್ಮ ಮಂಗಳೂರು ಕನ್ನಡ, ಇಷ್ಟೇ ನನ್ನ ಬಂಡವಾಳ. ಮೊದಲ ವಾರ ಹಾಲಿನವನಿಗೆ "ಹಾಲು ಉಂಟಾ?" ಎಂದು ಕೇಳಿದೆ. ಅವನು ಕ್ಯಾನು ಕೆಳಗಿಟ್ಟು, "ಉಂಟು ಕಣಮ್ಮ, ನಂಟೂ ಉಂಟು," ಎಂದು ನಕ್ಕ. ಅಂಗಡಿಯಲ್ಲಿ ಕುಚ್ಚಲಕ್ಕಿ ಕೇಳಿದರೆ, ಕಾಯಿಲೆಯವರ ಗಂಜಿಗೆ ಎಂದುಕೊಂಡು, "ಯಾರಿಗಮ್ಮ ಹುಷಾರಿಲ್ಲ?" ಎಂದರು. ಮೀನಿನ ವಾಸನೆಯಿಲ್ಲದ ಸಂತೆಗೆ ಹೊಂದಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಸೌತೆಯ ಹುಳಿಗೆ ತೆಂಗಿನೆಣ್ಣೆಯ ಒಗ್ಗರಣೆ ಕೊಟ್ಟ ದಿನ ಗೋಡೆಯಾಚೆಯಿಂದ ರಾಜಮ್ಮ ಕೂಗಿ ಕೇಳಿದ್ದರು: "ಸುಮತಕ್ಕ, ತಲೆಗೆ ಹಚ್ಕಳೋದು ಒಲೆ ಮೇಲೆ ಬಿತ್ತಾ?"

ಆದರೂ ನನಗೆ ಈ ಮನೆಯ ಮೇಲೆ ಮನಸ್ಸು ಕೂತುಬಿಟ್ಟಿತು. ಊರಿನ ಇಳಿಜಾರು ಹೆಂಚಿನ ಮಾಡಿನ ಕೆಳಗೆ ಬೆಳೆದ ನನಗೆ ಇಲ್ಲಿಯ ಮಟ್ಟಸ ತಾರಸಿ ಒಂದು ಅಚ್ಚರಿ. ಮನೆಯ ನೆತ್ತಿಯ ಮೇಲೆ ನಡೆದಾಡಬಹುದು, ಮೆಣಸಿನಕಾಯಿ ಒಣಗಿಸಬಹುದು, ಸಂಜೆ ಕೂತು ದೇವರಾಯನದುರ್ಗದ ಕಡೆಯ ಬೆಟ್ಟದ ಸಾಲು ನೋಡಬಹುದು. ಮೊನ್ನೆ ಬೇಸಿಗೆಯಲ್ಲಿ ಊರಿಗೆ ಹೋದಾಗ ನನ್ನ ತಂಗಿ, "ಅಕ್ಕ, ನಿನ್ನ ಮಾತು ಪೂರಾ ಘಟ್ಟದ ಮೇಲಿನವರ ಹಾಗೆ ಆಗಿದೆ ಮಾರಾಯ್ತಿ," ಎಂದಳು. ನಾನು ಹೌದಾ ಎಂದು ಕೇಳಿದ್ದು ಕೂಡ "ಹೌದಾ?" ಎಂದಲ್ಲ, "ಔದಾ?" ಎಂದು.

ಮನೆ ಮಾರಾಟಕ್ಕಿದೆ ಎಂಬ ಸುದ್ದಿ ಮೊದಲು ಹೇಳಿದ್ದು ಒಡತಿ ಗಂಗಮ್ಮನವರೇ. ಆ ಅಣ್ಣತಮ್ಮಂದಿರಲ್ಲಿ ಹಿರಿಯವರ ಸೊಸೆ ಇವರು; ಕಿರಿಯವರ ಪಾಲೂ ಈಗ ಇವರಿಗೇ ಸೇರಿದೆ. ಗುಬ್ಬಿಯಲ್ಲಿ ತೋಟ ನೋಡಿಕೊಂಡು ಇರುತ್ತಾರೆ. ಯುಗಾದಿ ಕಳೆದ ಮೇಲೆ ಒಂದು ದಿನ ಬಂದು ಜಗಲಿಯಲ್ಲಿ ಕೂತು, "ವಯಸ್ಸಾಯ್ತು ಕಣವ್ವ, ಎರಡೂರ್ನಲ್ಲಿ ಕಾಲಿಡಕ್ಕಾಗಲ್ಲ. ನೀವಿಬ್ರೂ ಒಂದೊಂದ್ ಪಾಲು ತಗಂಡ್ರೆ ನಿಮ್ಗೇ ಕೊಡ್ತೀನಿ," ಎಂದರು. ಆ ದಿನ ರಾಜಮ್ಮ ಕುಣಿಗಲ್ಲಿಗೆ ಮದುವೆಗೆ ಹೋಗಿದ್ದರು. ಏಳುವಾಗ ಗಂಗಮ್ಮ ನನ್ನ ಕೈ ಹಿಡಿದು, "ಅವ್ಳಿಗೂ ಹೇಳು. ಜಾಗ್ರತೆ ಯೋಚ್ನೆ ಮಾಡಿ ತಿಳಿಸ್ಬಿಡಿ," ಎಂದರು.

ಜಾಗ್ರತೆ. ನಾನು ಬಸ್ ಹತ್ತಿದ ದಿನ ಅಮ್ಮ ಹೇಳಿದ ಕೊನೆಯ ಮಾತು ಅದು. ಹಿರಿಯ ಹೆಂಗಸು ಎಚ್ಚರಿಕೆ ಹೇಳುತ್ತಿದ್ದಾರೆ, ಆತುರ ಬೇಡ ಎನ್ನುತ್ತಿದ್ದಾರೆ ಎಂದು ನನಗೆ ಕೃತಜ್ಞತೆ ತುಂಬಿಬಂತು. ರಾಜಮ್ಮ ಬಂದ ಮೇಲೆ, "ಅವಸರ ಮಾಡಬೇಡಿ, ಎಚ್ಚರದಿಂದ ಯೋಚಿಸಿ ಹೇಳಿ ಅಂದರು," ಎಂದು ನನ್ನ ಮಾತಿನಲ್ಲಿ ತಿಳಿಸಿದೆ. ಹಾಗಾಗಿ ನಾವು ಎಚ್ಚರದಿಂದ ಯೋಚಿಸಿದೆವು. ರಾಜಮ್ಮನ ಕಡೆಯಿಂದ ಅಣ್ಣಂದಿರು ಹಣ ಕೊಡಲು ಒಪ್ಪಿದರು. ನನ್ನ ಕಡೆಯಿಂದ ಅಜ್ಜಿ ಕೊಟ್ಟ ಬಂಗಾರವಿತ್ತು. ಉಳಿದದ್ದು ಒಂದೇ: ಇವರು ಊರಿಗೆ ವರ್ಗ ಕೇಳಿ ಅರ್ಜಿ ಹಾಕಿಕೊಂಡಿದ್ದರು. ಅದು ಏನಾಗುತ್ತದೋ ನೋಡೋಣ ಎಂದು ನಾನು ತಡೆದು ಕೂತಿದ್ದೆ. ಬೇಸಿಗೆ ಕಳೆದು ಮುಂಗಾರಿನ ಗಾಳಿ ಶುರುವಾಗಿತ್ತು.

ಆ ಬೆಳಿಗ್ಗೆ ಮಂಡಿಯವರು ಹೋದ ಕೂಡಲೇ ಗೋಡೆಯಾಚೆ ಓಡಿದೆ. ರಾಜಮ್ಮನ ಮನೆಯ ಕಂಬವನ್ನೂ ಅವರು ತಟ್ಟಿ ಹೋಗಿದ್ದರು. "ಹಿಂಗ್ ಮಾಡೋರಲ್ಲ ಗಂಗಮ್ಮ," ಎಂದು ಅವರು ಅಳು ನುಂಗಿಕೊಂಡು ಕೂತಿದ್ದರು. "ಅವತ್ತು ಅವ್ರು ಏನಂದ್ರು? ಅವ್ರ್ ಮಾತಲ್ಲೇ ಹೇಳಕ್ಕ."

"ಜಾಗ್ರತೆ ಯೋಚನೆ ಮಾಡಿ ತಿಳಿಸಿಬಿಡಿ ಅಂದ್ರು."

ರಾಜಮ್ಮ ನನ್ನನ್ನೇ ನೋಡಿದರು. "ಅಯ್ಯೋ ಅಕ್ಕ. ಜಾಗ್ರತೆ ಅಂದ್ರೆ ಬೇಗ ಕಣಕ್ಕ."

"ಎಂತ ಬೇಗ? ಜಾಗ್ರತೆ ಅಂದ್ರೆ ಎಚ್ಚರ ಅಲ್ವಾ?"

"ನಿಮ್ಮೂರಲ್ಲಿರ್ಬೋದು. ಇಲ್ಲಿ ಜಾಗ್ರತೆ ಬಾ ಅಂದ್ರೆ ಓಡ್ಕಂಡ್ ಬಾ ಅಂತ."

ಯಾರದೂ ತಪ್ಪೆಂದು ಹೇಳುವಂತಿರಲಿಲ್ಲ. ಎರಡು ಅರ್ಥವೂ ನಿಘಂಟಿನಲ್ಲಿ ಒಂದರ ಕೆಳಗೆ ಒಂದು ಇದ್ದಾವು. ಆದರೆ ಮನೆ ಕೈತಪ್ಪುವುದರಲ್ಲಿತ್ತು. ನಾನು ಸೀರೆ ಬದಲಾಯಿಸಿ, ಮಾರುಕಟ್ಟೆಯಲ್ಲಿ ಒಳ್ಳೆಯ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ತೆಗೆದುಕೊಂಡೆ. ರಾಜಮ್ಮ ಜೊತೆಗೆ ಬಂದರು. ದಾರಿಯಲ್ಲಿ ಇವರ ಆಫೀಸಿಗೆ ಹೋಗಿ ವರಾಂಡಕ್ಕೆ ಕರೆಸಿ ವಿಷಯ ಹೇಳಿದೆ.

ಇವರು ಕನ್ನಡಕ ಒರೆಸಿಕೊಂಡರು. "ಮನೆ ತಕ್ಕೊಂಡ ಮೇಲೆ ಊರಿಗೆ ವರ್ಗ ಬಂದ್ರೆ ಎಂತ ಮಾಡುದು?"

"ಬಂದ್ರೆ ನೀವು ಹೋಗಿ. ರಜೆಗೆ ಇಲ್ಲಿಗೆ ಬನ್ನಿ," ಎಂದೆ.

ಇವರು ನನ್ನನ್ನು ನೋಡಿದರು, ರಾಜಮ್ಮನನ್ನು ನೋಡಿದರು. ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು. ನಾವು ಬಸ್ ಸ್ಟ್ಯಾಂಡಿನ ಕಡೆ ನಡೆದೆವು. ದಾರಿಯುದ್ದಕ್ಕೂ, ಸಮುದ್ರ ಇನ್ನು ಮುಂದೆ ನನಗೆ ಹುಟ್ಟುವ ಮಕ್ಕಳಿಗೆ ರಜೆಯಲ್ಲಿ ನೋಡುವ ವಸ್ತು ಎಂದು ಮಾತ್ರ ಮನಸ್ಸಿಗೆ ಬರುತ್ತಿತ್ತು.

ಗುಬ್ಬಿಯಲ್ಲಿ ಗಂಗಮ್ಮನವರು ಪಡಸಾಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಕೈಯನ್ನೂ ನಿಲ್ಲಿಸದೆ, "ಈಗ್ ಬಂದ್ರಾ?" ಎಂದರು. "ಇಷ್ಟ್ ದಿನ ಬಾಯೇ ಬುಡ್ಲಿಲ್ಲ. ಬ್ಯಾಡೇನೋ ಅಂದ್ಕಂಡೆ."

ನಾನು ಜಾಗ್ರತೆಯ ಕಥೆ ಹೇಳಿದೆ. ಅವರು ಕೇಳಿ, ಹುಣಸೆಯ ಅಂಟಿನ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು, "ಅಲ್ಲವ್ವ, ನಿಮ್ಮೂರಾಗೆ ಮನೆಗ್ ಬೆಂಕಿ ಬಿದ್ದು ಜಾಗ್ರತೆ ಬನ್ನಿ ಅಂತ ಕೂಗುದ್ರೆ, ಎಲ್ರೂ ಕಾಲ್ ನೋಡ್ಕಂಡ್ ಮೆತ್ತುಗ್ ಬತ್ತಾರಾ?" ಎಂದರು. ರಾಜಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನನಗೂ ನಗು ಬಂತು.

ಆದರೆ ಗಂಗಮ್ಮ ನಗಲಿಲ್ಲ. "ರಾಜಿ ನಮ್ ಕಡೇವ್ಳು, ಅವ್ಳ್ ಬುಡು. ನೀವು ವರ್ಗದೋರು. ಇವತ್ ಇಲ್ಲಿ, ನಾಳೆ ಇನ್ನೆಲ್ಲೋ. ನೀವೂ ನಾಳೆ ಯಾವನ್ಗೋ ಮಾರ್ಕಂಡು ಹೋಗೋದಾದ್ರೆ, ಮಂಡಿಯೋರ್ಗೆ ನಾನೇ ಕೊಟ್ರೆ ಏನು? ಅಣ್ಣತಮ್ಮ ಸೇರಿ ಎರಡು ಒಲೆ ಉರೀಲಿ ಅಂತ ಕಟ್ಸಿದ್ ಮನೆ ಅದು."

ಪ್ರಶ್ನೆ ನ್ಯಾಯವಾದದ್ದು. ಸಿಸ್ಟರುಗಳು ಕಲಿಸಿದ ಕನ್ನಡದಲ್ಲಿ ಅದಕ್ಕೆ ಒಳ್ಳೆಯ ಉತ್ತರಗಳಿದ್ದವು. ನಾಲಿಗೆಗೆ ಬಂದದ್ದು ಬೇರೆ. "ಅವ್ರು ಅರ್ಜಿ ವಾಪಸ್ ತಗೋತಾರೆ," ಎಂದೆ. "ನಾವು ಇಲ್ಲೇ ಇರ್ತೀವಿ. ಎಲ್ಲಿಗೂ ಹೋಗಲ್ಲ."

ಹೇಳಿದ ಮೇಲೆ ಗಮನಕ್ಕೆ ಬಂತು: ನಾನು ಊರಿನ ಹಾಗೆ "ಇರ್ತೇವೆ" ಎನ್ನಲಿಲ್ಲ, "ಹೋಗುದಿಲ್ಲ" ಎನ್ನಲಿಲ್ಲ.

ಗಂಗಮ್ಮ ಎದ್ದು ಕೈ ತೊಳೆದು ಬಂದರು. "ಮಂಡಿಯೋನು ಬೈತಾನೆ. ಬೈಲಿ. ತಾಂಬೂಲ ಆಗಿಲ್ವಲ್ಲ," ಎಂದು ಹೇಳಿ ತಟ್ಟೆ ತಂದು, ನಮ್ಮಿಬ್ಬರ ಎಲೆ ಅಡಿಕೆ ತೆಗೆದುಕೊಂಡು ತಮ್ಮದನ್ನು ನಮ್ಮ ಮಡಿಲಿಗೆ ಹಾಕಿದರು. ಊಟ ಮಾಡದೆ ಬಿಡಲಿಲ್ಲ.

ತುಮಕೂರಿಗೆ ಬರುವಾಗ ಸಂಜೆಯಾಗಿತ್ತು. ಸುದ್ದಿ ನಮಗಿಂತ ಮೊದಲೇ ಬೀದಿ ತಲುಪಿತ್ತು. ನಾನು ಒಳಗೆ ದೀಪ ಹಚ್ಚಿ, ನನ್ನದೇ ಆದ ಗೋಡೆಗೆ ಒರಗಿ ಕೂತೆ. ಊರಿಗೆ ಈ ವಿಷಯ ಹೇಗೆ ಬರೆಯಲಿ ಎಂದು ಯೋಚನೆ. ಮನೆ ಕೊಂಡೆ ಎನ್ನುವುದು ಸುಲಭ. ಬರುವುದಿಲ್ಲ ಎನ್ನುವುದು ಕಷ್ಟ. ಈವರೆಗೆ ಇದು ಬೀದಿಯವರ ಬಾಯಲ್ಲಿ ಗುಬ್ಬಿಯೋರ ಮನೆ. ಇವತ್ತಿಗಾದರೂ ನಾನು ತುಮಕೂರಿನವಳೇ ಆಗಿಬಿಟ್ಟೆನೇನೋ ಎಂದುಕೊಂಡೆ. ಅದರಲ್ಲಿ ಸಂತೋಷವೂ ಇತ್ತು, ಏನೋ ಕಳೆದುಕೊಂಡ ಭಾವವೂ ಇತ್ತು.

ಹೊರಗೆ ಹೂವಿನವಳು ಬಂದಳು. ಈ ಬೀದಿಗೆ ಹೊಸಬಳು. ಎರಡು ಬಾಗಿಲು ನೋಡಿ, ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ರಾಜಮ್ಮನನ್ನು ಯಾವುದು ಯಾರ ಮನೆಯೆಂದು ಕೇಳಿದಳು. ರಾಜಮ್ಮ ಮೊರದಿಂದ ತಲೆಯೆತ್ತದೆ ಹೇಳಿದ್ದು ನನಗೆ ಒಳಗಿಂದ ಕೇಳಿಸಿತು:

"ಎಡಗಡೇದು ನಮ್ದು. ಬಲಗಡೇದು ಮಂಗಳೂರಮ್ಮನ ಮನೆ. ಅವ್ರು ಎಲ್ಗೂ ಹೋಗಲ್ಲ, ದಿನಾ ಒಂದು ಮೊಳ ಹಾಕು."