ಜವರಪ್ಪನ ಬ್ರೇಕು

ಎಲ್ಲರ ಸೈಕಲ್ಲಿನಲ್ಲಿ ಮೊದಲು ಸವೆಯುವುದು ಟಯರು. ಜವರಪ್ಪನ ಸೈಕಲ್ಲಿನಲ್ಲಿ ಬ್ರೇಕಿನ ರಬ್ಬರು. ಅದನ್ನು ಬದಲಾಯಿಸಿ ಬದಲಾಯಿಸಿ ಬೇಸತ್ತಿದ್ದ ಸೈಕಲ್ ಅಂಗಡಿಯ ಅನ್ವರ್, "ಗೌಡ್ರೆ, ನೀವು ಸೈಕಲ್ ಇಟ್ಕೊಂಡಿರೋದು ತುಳಿಯೋದಕ್ಕಾ, ನಿಲ್ಸೋದಕ್ಕಾ?" ಎಂದು ಕೇಳುತ್ತಿದ್ದ.

"ಎರಡ್ಕೂ ಕಣ್ ಸಾಬ್ರೆ. ತುಳುದ್ರೆ ತಾನೆ ನಿಲ್ಸಕಾಗದು?" ಎಂಬುದು ಜವರಪ್ಪನ ಉತ್ತರ.

ಕಿರಂಗೂರಿನಲ್ಲಿ ಅವನದೊಂದು ಆಲೆಮನೆ ಇತ್ತು. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವುದು ಕಸುಬು. ಹತ್ತಿರ ಬಂದರೆ ಹಸಿ ಬೆಲ್ಲದ ವಾಸನೆ. ನಾವು ಎಷ್ಟು ಹೇಳಿದರೂ ಪಂಚೆ ಬಿಡಲಿಲ್ಲ. ಎತ್ತಿ ಕಟ್ಟಿ, ತಲೆಗೆ ಟವೆಲ್ಲು ಸುತ್ತಿ, ಅದರ ಮೇಲೆ ಹೆಲ್ಮೆಟ್ಟು ಕೂರಿಸುತ್ತಿದ್ದ. ಕ್ಯಾರಿಯರಿನಲ್ಲಿ ಯಾವಾಗಲೂ ಒಂದು ಗಂಟು ಅಚ್ಚುಬೆಲ್ಲ. ದಾರಿಯಲ್ಲಿ ಗುರುತಿನವರು ಸಿಕ್ಕರೆ ಎರಡು ಅಚ್ಚು ಕೈಗಿಡುವುದು, ಅವರು ಕೊಟ್ಟದ್ದನ್ನು ಕಟ್ಟಿಕೊಳ್ಳುವುದು. ಕಿರಂಗೂರಿನಿಂದ ಪಾಂಡವಪುರದವರೆಗೆ ಅವನಿಗೆ ಗುರುತಿಲ್ಲದ ಮನೆಯನ್ನು ನಾನು ಕಾಣೆ.

"ಜವರಪ್ಪ, ನಡಿಯಯ್ಯ, ಬಿಸಿಲೇರುತ್ತೆ" ಎಂದರೆ, "ಮಾತಾಡುಸ್ದೆ ಓದ್ರೆ ಏನನ್ಕೊಂಡಾರು ಮೇಷ್ಟ್ರೆ?" ಎನ್ನುತ್ತಿದ್ದ. ಯಾರು ಏನಂದುಕೊಳ್ಳುತ್ತಾರೆ? ಏನೂ ಅಂದುಕೊಳ್ಳುವುದಿಲ್ಲ. ಅವರವರ ಹಸುವಿಗೆ ಅವರು ಹುಲ್ಲು ಹಾಕುತ್ತಿರುತ್ತಾರೆ. ಇದನ್ನು ಅವನಿಗೆ ಎಷ್ಟು ಸಲ ಹೇಳಿದೆನೋ.

ನಾನು ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದು ನಿವೃತ್ತನಾದವನು. ವಿಸಿಲ್ ಊದಿದರೆ ಸಾಲು ನಿಲ್ಲಬೇಕು, ಇನ್ನೊಮ್ಮೆ ಊದಿದರೆ ಸಾಲು ಹೊರಡಬೇಕು. ಇಷ್ಟೇ ನನ್ನ ವಿದ್ಯೆ. ನಿವೃತ್ತಿಯ ನಂತರ ನಾವು ನಾಲ್ಕು ಜನ ಸೇರಿ ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯಲು ಶುರುಮಾಡಿದೆವು. ನಾನು, ಅನ್ವರ್, ಜವರಪ್ಪ, ಮತ್ತು ತಾಲ್ಲೂಕು ಕಚೇರಿಯಲ್ಲಿದ್ದ ರಂಗಪ್ರಸಾದ. ರಂಗಪ್ರಸಾದನದು ತಲೆಮಾರುಗಳಿಂದ ದೇವಸ್ಥಾನದ ಕೈಂಕರ್ಯ ಮಾಡಿಕೊಂಡು ಬಂದ ಮನೆತನ. ಸೈಕಲ್ಲಿನ ಮೇಲೂ ನಾಮ ಅಳಿಸುತ್ತಿರಲಿಲ್ಲ.

ಚಿಕ್ಕಮಗಳೂರಿನ ಗಿರಿಗೆ ಸೈಕಲ್ಲಿನಲ್ಲಿ ಹತ್ತಬೇಕೆಂಬುದು ನನ್ನ ಯೋಜನೆ. ಎಷ್ಟೋ ವರ್ಷ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದೊಯ್ದು, ತಲೆ ಎಣಿಸಿ, ತಲೆ ಎಣಿಸಿಯೇ ವಾಪಸು ಬಂದಿದ್ದೆ. ಒಂದು ಸಲವೂ ಆ ತಿರುವುಗಳನ್ನು ನನ್ನ ಕಾಲಿನ ಬಲದಲ್ಲಿ ಹತ್ತಿರಲಿಲ್ಲ. ಅಷ್ಟರಲ್ಲಿ ಬಲಮಂಡಿ ಕೈಕೊಡತೊಡಗಿತು. ಮೈಸೂರಿನ ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, "ಬೆಟ್ಟಗಿಟ್ಟ ಹತ್ತೋದಿದ್ರೆ ಬೇಗ ಮುಗಿಸಿಬಿಡಿ. ಆಪರೇಷನ್ ಆದ್ಮೇಲೆ ಸಮತಟ್ಟು ರಸ್ತೆ ಮಾತ್ರ" ಎಂದರು. ಆದ್ದರಿಂದ ನನಗೆ ಆತುರವಿತ್ತು. ಅದನ್ನು ನಾನು ಮುಚ್ಚಿಡಲೂ ಇಲ್ಲ.

ಅನ್ವರನ ಅಂಗಡಿಯ ಮುಂದೆ ಸಭೆ ಸೇರುತ್ತಿದ್ದೆವು. ನಾನು ನಕಾಶೆ ಬಿಡಿಸಿ ಊರಿನ ಹೆಸರು ಹೇಳುವುದೇ ತಡ, ಜವರಪ್ಪ ಬಾಯಿ ಹಾಕುತ್ತಿದ್ದ.

"ಕೆ.ಆರ್. ಪೇಟೆ."

"ಅಲ್ಲಿ ನಮ್ ಬೀಗ್ರವ್ರೆ."

"ಅಲ್ಲಿ ನಿಲ್ಲೋದಿಲ್ಲ. ಚನ್ನರಾಯಪಟ್ಟಣ."

"ನಮ್ ಸಡ್ಡಕ ಅವ್ನೆ. ಅವ್ನಿಗೇಳ್ದೆ ಓದ್ರೆ ಕಡ್ದಾಕ್ಬುಡ್ತಾನೆ."

"ಹಾಸನದಲ್ಲಿ ಲಾಡ್ಜಿಗೆ ಹೇಳಿದೀನಿ."

"ಲಾಡ್ಜ್ ಯಾಕ್ ಮೇಷ್ಟ್ರೆ? ಇನ್ನೊಂದ್ ಮನೆ ವಿಚಾರುಸ್ತೀನಿ ತಡೀರಿ."

ಅನ್ವರ್ ನಗುತ್ತ, "ಸಾರ್, ಇವ್ರ ನೆಂಟ್ರಿಲ್ದೆ ಇರೋ ಕಡೆ ಬೆಟ್ಟದ ತುದಿ ಒಂದೇ" ಎಂದ.

"ಅಂಗನ್ಬ್ಯಾಡಿ ಸಾಬ್ರೆ. ಓಗ್ ನೋಡುದ್ರೆ ಅಲ್ಲೂ ಯಾರಾರ ಇದ್ದಾರು."

ಅಭ್ಯಾಸಕ್ಕೆಂದು ಒಮ್ಮೆ ನಾಗಮಂಗಲಕ್ಕೆ ಹೋಗಿ ಬಂದೆವು. ಹೋದೆವು ಎನ್ನುವುದು ತಪ್ಪು, ಒಂದೊಂದು ಜಗಲಿಯಾಗಿ ತೆವಳಿದೆವು. ಪ್ರತಿ ಮನೆಯಲ್ಲೂ ಕಾಫಿ, ಒಂದು ಮನೆಯಲ್ಲಿ ಮುದ್ದೆ, ಅದು ಅರಗುವ ಮುನ್ನ ಇನ್ನೊಂದರಲ್ಲಿ ಮತ್ತೆ ಮುದ್ದೆ. ವಾಪಸು ಬರುವಾಗ ನಮ್ಮ ಸೈಕಲ್ಲುಗಳ ಮೇಲೆ ತೆಂಗಿನಕಾಯಿ, ಅವರೆಕಾಯಿ, ಒಂದು ಕುಂಬಳಕಾಯಿ. ಕೊನೆಯ ಮನೆಯವರು ಕಾಲು ಕಟ್ಟಿದ ನಾಟಿ ಕೋಳಿಯೊಂದನ್ನು ಕೊಟ್ಟರು. ಜವರಪ್ಪ ಸುತ್ತ ನೋಡಿ, ನೇರವಾಗಿ ರಂಗಪ್ರಸಾದನ ಹತ್ತಿರ ಹೋದ.

"ಸ್ವಾಮಿ, ತಪ್ ತಿಳ್ಕೋಬ್ಯಾಡಿ. ನಿಮ್ ಕ್ಯಾರಿಯರ್ ಒಂದೇ ಖಾಲಿ ಇರದು."

"ಜವರಪ್ಪಾ! ನಾನು ಸಂಜೆ ಮಂಗಳಾರತಿಗೆ ಹೋಗ್ಬೇಕು ಕಣಯ್ಯ!"

"ಅದೇನ್ ನಿಮ್ ಜತೆ ಗುಡಿ ಒಳಿಕ್ ಬಂದದಾ? ಕ್ಯಾರಿಯರ್ ಮ್ಯಾಲೆ ಸುಮ್ಕೆ ಕುಂತಿರ್ತದೆ."

ಪಾಂಡವಪುರದವರೆಗೂ ಆ ಕೋಳಿ ರಂಗಪ್ರಸಾದನ ಬೆನ್ನಿಗೆ ಕುಕ್ಕುತ್ತ ಬಂತು. ಅನ್ವರ್ ನಕ್ಕು ನಕ್ಕು ಸೈಕಲ್ಲಿನಿಂದ ಇಳಿದೇಬಿಟ್ಟ. ನನಗೆ ನಗು ಬರಲಿಲ್ಲ. ಮಧ್ಯಾಹ್ನ ಮನೆ ಸೇರಬೇಕಾದವರು ಸೇರಿದ್ದು ದೀಪ ಹಚ್ಚುವ ಹೊತ್ತಿಗೆ. ಹೀಗೆ ಹೋದರೆ ಗಿರಿ ತಲುಪುವುದು ಯಾವ ಯುಗಾದಿಗೆ ಎಂದು ರೇಗಿದೆ.

"ಬೆಟ್ಟ ಎಲ್ಗೋದದು ಮೇಷ್ಟ್ರೆ? ಅಲ್ಲೇ ಇರ್ತದೆ" ಎಂದ.

"ಬೆಟ್ಟ ಇರುತ್ತೆ. ನನ್ನ ಮಂಡಿ ಇರಲ್ಲ."

ಅವನು ಸ್ವಲ್ಪ ಹೊತ್ತು ನನ್ನ ಮಂಡಿಯನ್ನೇ ನೋಡಿದ. "ಅಂಗಾರೆ ಈ ಸಲ ಓಗೇಬುಡವ" ಎಂದ. ಮರುದಿನ ಮಂಡಿಗೆ ಕಟ್ಟಿಕೊಳ್ಳಲು ಎಕ್ಕದ ಎಲೆ ಕಿತ್ತುಕೊಂಡು ಬಂದ. ಅದರಲ್ಲೂ ದಾರಿಯಲ್ಲಿ ಯಾರಿಗೋ ಅರ್ಧ ಕೊಟ್ಟಿದ್ದ.

ಮಳೆಗಾಲ ಮುಗಿದ ಮೇಲೆ ನಿಜವಾಗಿಯೂ ಹೊರಟೆವು. ಬೆಳಗಿನ ತಂಪಿನಲ್ಲಿ ಕಿರಂಗೂರು ಬಿಟ್ಟು, ಪಾಂಡವಪುರ ದಾಟಿ, ಕೆ.ಆರ್. ಪೇಟೆಯ ರಸ್ತೆ ಹಿಡಿದೆವು. ಜವರಪ್ಪ ಮಾತು ಉಳಿಸಿಕೊಂಡ. ನಿಲ್ಲಿಸುವ ಬದಲು ಸೈಕಲ್ಲಿನ ಮೇಲಿಂದಲೇ "ಬೆಟ್ಟುಕ್ ಓಯ್ತಾವ್ನಿ, ಬಂದ್ ಮಾತಾಡ್ತೀನಿ ಕಣ್ಲಾ!" ಎಂದು ಕೂಗುತ್ತ ಸಾಗಿದ. ನನಗೆ ಅಂದು ಅವನ ಮೇಲೆ ಪ್ರೀತಿಯೇ ಹುಟ್ಟಿತ್ತು.

ಕೆ.ಆರ್. ಪೇಟೆ ಹತ್ತಿರವಾದಾಗ ಒಂದೇ ಒಂದು ವಿನಾಯಿತಿ ಕೇಳಿದ. ಹೊಸಹೊಳಲಿನಲ್ಲಿ ಅವನ ಸೋದರತ್ತೆ ನಿಂಗಮ್ಮ ಇದ್ದಳು. ತಾಯಿಯಿಲ್ಲದ ಜವರಪ್ಪನನ್ನು ಎತ್ತಿ ಸಾಕಿದವಳು. ಎಲ್ಲೆಲ್ಲಿಂದಲೋ ಜನ ಆ ಊರಿಗೆ ಬಂದು ಹೊಯ್ಸಳರ ಗುಡಿ ನೋಡಿ ಹೋಗುತ್ತಾರೆ. ಇವನು ಹುಟ್ಟಿದಾಗಿನಿಂದ ಅಲ್ಲಿಗೆ ಹೋಗುತ್ತಿದ್ದರೂ ನೋಡಿಕೊಂಡು ಬರುತ್ತಿದ್ದುದು ಅತ್ತೆಯನ್ನು ಮಾತ್ರ. "ಒಂದ್ ಲೋಟ ಮಜ್ಜಿಗೆ ಕುಡ್ದು ಎದ್ಬುಡದು ಮೇಷ್ಟ್ರೆ" ಎಂದ. ಆಗಲಿ ಎಂದೆ.

ಅತ್ತೆಯ ಮನೆಯ ಬೀದಿಗೆ ತಿರುಗಿದರೆ ಮನೆ ಮುಂದೆ ಸೌದೆಯ ಬೆಂಕಿ ಹೊಗೆಯಾಡುತ್ತಿತ್ತು. ಜಗಲಿಯ ಮೇಲೆ ಗಂಡಸರು ತಲೆಗೆ ಟವೆಲ್ಲು ಹಾಕಿಕೊಂಡು ಕೂತಿದ್ದರು. ನಿಂಗಮ್ಮನ ಗಂಡ ಬೆಳಗಿನ ಜಾವ ತೀರಿಕೊಂಡಿದ್ದರು. ಸುದ್ದಿ ತಿಳಿಸಲು ಜವರಪ್ಪನಿಗೆ ಫೋನು ಮಾಡಿದ್ದರಂತೆ. ಫೋನು ಮನೆಯಲ್ಲಿತ್ತು. ದಾರಿಯುದ್ದಕ್ಕೂ ಜನ ಇರುವಾಗ ಅದ್ಯಾಕೆ ಎಂದು ಅವನು ಬಿಟ್ಟು ಬಂದಿದ್ದ.

ಹೆಲ್ಮೆಟ್ಟು ಕಳಚಿ ಒಳಗೆ ಓಡಿದ. ನಾವು ಮೂವರೂ ಬಣ್ಣಬಣ್ಣದ ಅಂಗಿಯಲ್ಲಿ ಅಂಗಳದಲ್ಲಿ ನಿಂತೆವು. ಮಣ್ಣು ಮುಗಿಯುವವರೆಗೆ ಇದ್ದೆವು. ಹಿಂದಿರುಗಿ ಮನೆಯಲ್ಲಿ ಹಚ್ಚಿಟ್ಟ ದೀಪ ನೋಡಿ ಹೊರಬಂದಾಗ ಮಧ್ಯಾಹ್ನ ಕಳೆದಿತ್ತು. ಜವರಪ್ಪ ಸೈಕಲ್ಲನ್ನು ಶ್ರೀರಂಗಪಟ್ಟಣದ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದ್ದ.

"ಸಾವಿನ್ ಮನೆಯಿಂದ ಬೆಟ್ಟುಕ್ ಓಗದುಂಟಾ ಮೇಷ್ಟ್ರೆ? ನೆಟ್ಗೆ ಮನೆಗೋಗಿ ತಲೆ ಮೇಲೆ ನೀರುಯ್ಕೋಬೇಕು."

"ಕೆ.ಆರ್. ಪೇಟೆಯ ಲಾಡ್ಜಿನಲ್ಲಿ ಸ್ನಾನ ಮಾಡಿ ಮುಂದೆ ಹೋಗೋಣ. ನೀರು ಎಲ್ಲಾ ಕಡೆ ನೀರೇ" ಎಂದೆ.

ರಂಗಪ್ರಸಾದ ಧರ್ಮಗೆಟ್ಟವನನ್ನು ನೋಡುವಂತೆ ನನ್ನನ್ನು ನೋಡಿದ. "ಲಾಡ್ಜು ಮನೆಯೇನಯ್ಯ? ಮೈಲಿಗೆ ಹೊತ್ಕೊಂಡು ಗಿರಿ ಹತ್ತೋದು ನನ್ನ ಕೈಲಿ ಆಗೋಲ್ಲ."

ಕೊನೆಯ ಆಸೆಯಿಂದ ಅನ್ವರನ ಮುಖ ನೋಡಿದೆ. "ನಮ್ಮಲ್ಲಿ ಈ ಕಟ್ಟುಪಾಡಿಲ್ಲ ಸಾರ್. ಆದ್ರೆ ಜೊತೇಲಿ ಬಂದವ್ರನ್ನ ಬಿಟ್ಟು ಹೋಗೋದೂ ನಮ್ಮಲ್ಲಿಲ್ಲ" ಎಂದ.

ನಾಲ್ವರಲ್ಲಿ ಮೂವರು ಒಂದು ಕಡೆ. ನಾನು ವಿಸಿಲನ್ನು ಜೇಬಿಗೆ ಹಾಕಿಕೊಂಡೆ.

ಆ ದಿನದ ವಾಪಸು ದಾರಿಯನ್ನು ನಾನು ಮರೆಯಲಾರೆ. ಸಾವಿನ ಮನೆಯಿಂದ ಬಂದವನು ನಡುವೆ ಯಾರ ಮನೆಯ ಮುಂದೆಯೂ ನಿಲ್ಲುವಂತಿಲ್ಲ. ಜವರಪ್ಪ ಪಂಚೆ ಬಿಗಿದು, ತಲೆ ತಗ್ಗಿಸಿ, ಬಾಣದ ಹಾಗೆ ಹೋದ. ಒಮ್ಮೆಯಾದರೂ ಬ್ರೇಕು ಹಿಡಿಯಲಿಲ್ಲ. ಯಾರೋ ಕೈಯೆತ್ತಿದರು, ನೋಡಲಿಲ್ಲ. ನಾನು ಏದುಸಿರು ಬಿಡುತ್ತ ಹಿಂದೆ ಬಿದ್ದೆ. ಈ ಮನುಷ್ಯ ಇಷ್ಟು ವೇಗವಾಗಿ ತುಳಿಯಬಲ್ಲ! ಇಷ್ಟು ಕಾಲ ನಮ್ಮನ್ನು ಜಗಲಿ ಜಗಲಿ ಹತ್ತಿಸಿ ಸತಾಯಿಸಿದನಲ್ಲ! ನನಗೆ ಬೆಟ್ಟ ತಪ್ಪಿದ್ದಕ್ಕಿಂತ ಇದೇ ಹೆಚ್ಚು ಉರಿಯಿತು.

ಆಮೇಲೆ ಬೇಸಿಗೆ ಬಂತು, ಮಳೆ ಬಂತು. ಮಂಡಿ ಇನ್ನಷ್ಟು ಕೆಟ್ಟಿತು. ಆಪರೇಷನ್ನಿಗೆ ದಿನ ಗೊತ್ತಾಯಿತು. ಅದಕ್ಕೆ ಮುಂಚಿನ ವಾರ ಗಿರಿಗೆ ಎಂದು ನಿಶ್ಚಯಿಸಿದೆ. ಈ ಸಲ ಹೊಸಹೊಳಲಿನ ದಾರಿಯೇ ಬೇಡ, ಪಾಂಡವಪುರದಿಂದ ನಾಗಮಂಗಲಕ್ಕೆ ತಿರುಗಿ ಸುತ್ತಿಕೊಂಡು ಹೋಗುವುದು ಎಂದೆ.

ಜವರಪ್ಪ ಅನ್ವರನ ಅಂಗಡಿಯಲ್ಲಿ ಹೊಸ ರಬ್ಬರು ಹಾಕಿಸಿಕೊಳ್ಳುತ್ತಿದ್ದ. "ಅತ್ತೆ ಬಚ್ಲಲ್ ಬಿದ್ದು ಸೊಂಟ ಮುರ್ಕೊಂಡದೆ ಮೇಷ್ಟ್ರೆ. ಮೇಲಕ್ ಏಳಂಗಿಲ್ಲ. ಬತ್ತೀವಿ ಅಂತ ಏಳ್ಬುಟ್ಟಿವ್ನಿ. ಒಂದ್ ಲೋಟ ಮಜ್ಜಿಗೆ..."

"ಆಗೋದಿಲ್ಲ. ಬೆಟ್ಟ ಇಳಿದು ಬರುವಾಗ ನೋಡಿಕೋ."

"ಸರಿ ಬುಡಿ. ಬರ್ತಾನೇ ನೋಡವ" ಎಂದು ಬ್ರೇಕು ಹಿಡಿದು ಬಿಟ್ಟು ಪರೀಕ್ಷಿಸಿದ. "ನೋಡಿ, ಎಂಗಿಡೀತದೆ! ಈಗ ಎಂತಾ ಇಳಿಜಾರಾದ್ರೂ ಬರ್ಲಿ."

ನಾನು ಅವನನ್ನು ಕೊನೆಯ ಸಲ ನೋಡಿದ್ದು ಅದೇ. ಕೆಲವು ದಿನಗಳ ಮೇಲೆ ಆಲೆಮನೆಯಲ್ಲಿ ಕೊಪ್ಪರಿಗೆಯ ಪಕ್ಕ ಕೂತವನು ಹಾಗೆಯೇ ಒರಗಿದನಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಎದೆಬಡಿತ ನಿಂತಿತ್ತು. ಎಲ್ಲಿ ನಿಲ್ಲಬೇಡ ಎಂದರೂ ಅಲ್ಲೇ ನಿಲ್ಲುವ ಮನುಷ್ಯ. ಅವನ ಮಣ್ಣಿಗೆ ಸೇರಿದಷ್ಟು ಜನ ಕಿರಂಗೂರಿನಲ್ಲಿ ಯಾರ ಮಣ್ಣಿಗೂ ಸೇರಿದ್ದನ್ನು ನಾನು ಕಂಡಿಲ್ಲ.

ತಿಥಿಯೆಲ್ಲ ಮುಗಿದ ಮೇಲೆ ಒಂದು ಸಂಜೆ ಅವನ ಹೆಂಡತಿ ಗೌರಮ್ಮನನ್ನು ನೋಡಿಬರಲು ಹೋದೆ. ಗೋಡೆಗೆ ಒರಗಿಸಿದ ಸೈಕಲ್ಲಿನ ಮೇಲೆ ಟವೆಲ್ಲು ಒಣಗುತ್ತಿತ್ತು. "ಬೆಟ್ಟುಕ್ ಓಗ್ಬನ್ನಿ ಮೇಷ್ಟ್ರೆ, ನಿಲ್ಲುಸ್ಬ್ಯಾಡಿ. ಅದ್ನೇ ಏಳ್ತಿದ್ರು" ಎಂದಳು. ಆಮೇಲೆ, "ಒಸೊಳಲತ್ತೆ ಪೋನಲ್ಲಿ ಅಳ್ತದೆ. ಮೊಖ ನೋಡಕೂ ಬರಕಾಗ್ನಿಲ್ಲ. ಸಾವು ಮಾತಾಡ್ಸಕೆ ಈ ಕಡೆಯಿಂದ ಒಂದ್ ನರಪಿಳ್ಳೆನೂ ಬರ್ನಿಲ್ಲ ಅಂತದೆ. ನಾನೋ, ವರ್ಸ ತುಂಬಗಂಟ ಒಸ್ಲು ದಾಟಂಗಿಲ್ಲ" ಎಂದಳು. ನನ್ನನ್ನು ಹೋಗೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಇಲ್ಲವೆನ್ನುವುದು ಸುಲಭವಿತ್ತು.

ಗೊತ್ತಾದ ದಿನ ಮೂವರೇ ಹೊರಟೆವು. ಯಾರೂ ಎಲ್ಲೂ ನಿಲ್ಲಲಿಲ್ಲ. ಪಾಂಡವಪುರ ಅಂದುಕೊಂಡ ಹೊತ್ತಿಗಿಂತ ಮೊದಲೇ ಬಂತು. ಜೀವಮಾನದಲ್ಲಿ ನಾನು ಬಯಸಿದ್ದು ಇಂಥದ್ದೇ ಸವಾರಿ. ದಾರಿ ಎರಡಾಗುವ ಕಡೆ ಅನ್ವರ್, ರಂಗಪ್ರಸಾದ ನಾಗಮಂಗಲದ ಕಡೆ ತಿರುಗಿದರು. ನಾನು ಬ್ರೇಕು ಹಿಡಿದೆ.

"ಏನಾಯ್ತು ಸಾರ್, ಮಂಡೀನಾ?" ಅನ್ವರ್ ಕೂಗಿದ.

"ಮಂಡಿ ಸರಿಯಾಗಿದೆ. ಒಂದು ಮನೆ ಮಾತಾಡಿಸೋದಿದೆ."

ರಂಗಪ್ರಸಾದನಿಗೆ ತಿಳಿಯಿತು. ಹತ್ತಿರ ಬಂದು ಮೆಲ್ಲಗೆ, "ಸಾವಾದದ್ದು ಅಲ್ಲಲ್ಲ ಕಣಯ್ಯ. ಸೂತಕದ ದಿನವೂ ಕಳೆದಿದೆ. ಮಾತಾಡಿಸಿಕೊಂಡು ಬಾ, ದೋಷವಿಲ್ಲ. ಕಾಯ್ತೀವಿ" ಎಂದ.

"ಮಾತಾಡಿಸೋಕೆ ಅಂತ ಹೋದ ಮೇಲೆ ನಿಯಮ ಒಂದೇ, ನೆಟ್ಟಗೆ ಮನೆಗೆ. ಅಂದು ನನಗೆ ಕಲಿಸಿದ್ದು ನೀವೇ. ನಡೀರಿ, ಬಿಸಿಲೇರುತ್ತೆ" ಎಂದು ವಿಸಿಲ್ ಊದಿದೆ. ಹಿಂದೆ ನೋಡುತ್ತ ನೋಡುತ್ತ ಹೋದರು.

ನಿಂಗಮ್ಮ ನಡುಮನೆಯ ಚಾಪೆಯ ಮೇಲೆ ಮಲಗಿದ್ದಳು. "ಯಾರಪ್ಪ?" ಎಂದಳು. ಜವರಪ್ಪನ ಜೊತೆಯವನು, ಮೇಷ್ಟ್ರು ಎಂದೆ. ಕೈ ಹಿಡಿದುಕೊಂಡು ಬಹಳ ಹೊತ್ತು ಅತ್ತಳು. ಅಷ್ಟು ಹೊತ್ತು ಕೂತು ನನಗೆ ಅಭ್ಯಾಸವಿಲ್ಲ, ಮಂಡಿ ನೋಯುತ್ತಿತ್ತು. ಕೂತಿದ್ದೆ. "ಯಾವಾಗ್ ಬಂದ್ರೂ ನಿಂತೇ ಕುಡುದ್ ಓಗ್ತಿತ್ತು ಮಗ. ಕೂತ್ಕೊಂಡ್ರೆ ಮೇಷ್ಟ್ರು ಬಯ್ತಾರೆ ಅನ್ನದು" ಎಂದಳು.

ಸಾವು ಮಾತಾಡಿಸಿದ ಮನೆಯಲ್ಲಿ ಹೋಗಿ ಬರುತ್ತೇನೆ ಎನ್ನಬಾರದು. ಹೇಳದೆ ಎದ್ದು ಬಂದು ಸೈಕಲ್ಲನ್ನು ಶ್ರೀರಂಗಪಟ್ಟಣದ ಕಡೆಗೆ ತಿರುಗಿಸಿದೆ. ಪಾಂಡವಪುರದ ಈಚೆ, ನಾವು ಎಷ್ಟೋ ಸಲ ಕಾಫಿ ಕುಡಿದ ಜಗಲಿಯಿಂದ ಒಬ್ಬ ಮುದುಕ ಎದ್ದು ನಿಂತು ಕೈಯೆತ್ತಿದ. "ಮೇಷ್ಟ್ರೆ, ಜವರಪ್ಪನ ಇಚಾರ ಕೇಳ್ದೆ! ನಿಂತ್ಕಳಿ, ಬನ್ನಿ!" ಎಂದು ಕೂಗಿದ.

ನಿಲ್ಲುವಂತಿರಲಿಲ್ಲ. ತಲೆ ತಗ್ಗಿಸಿ ತುಳಿದೆ. ಮನೆ ಮುಟ್ಟುವವರೆಗೆ ಒಮ್ಮೆಯೂ ಬ್ರೇಕು ಹಿಡಿಯಲಿಲ್ಲ. ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಳ್ಳುವಾಗಲೂ ಆ ಮುದುಕ ಏನಂದುಕೊಂಡಾನೋ ಎಂದೇ ಯೋಚಿಸುತ್ತಿದ್ದೆ.