ಎಂಟು ಗಂಟೆಯ ಬಲ್ಬು

ನಗುವವರು ನಗಲಿ. ನಾನು ಕರೆಂಟಿನ ಕೆಲಸದವನು. ಎರಡು ತಂತಿ ಕೂಡದೆ ಬಲ್ಬು ಹತ್ತುವುದಿಲ್ಲ ಎಂಬ ಒಂದೇ ಮಾತಿನ ಮೇಲೆ ಇಷ್ಟು ವರ್ಷ ಹೊಟ್ಟೆ ಹೊರೆದಿದ್ದೇನೆ. ದೆವ್ವದ ಸುದ್ದಿ ತೆಗೆದವರನ್ನು ಗಜೇಂದ್ರಗಡದ ನನ್ನ ಅಂಗಡಿ ಕಟ್ಟೆಯಿಂದ ಬೈದು ಎಬ್ಬಿಸಿ ಕಳಿಸಿದವನು ನಾನು. ಅಂಥವನ ಕಣ್ಣೆದುರೇ ಇದು ನಡೆದಿದೆ.

ಆಗ ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸುವ ಓಡಾಟ ಶುರುವಾಗಿತ್ತು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಗಾಳಿ ಅಳೆಯುವ ಕಂಪನಿಯೊಂದು ಲಕ್ಕಲಕಟ್ಟಿ ಕಡೆಯ ಗುಡ್ಡದ ಮೇಲೆ ಚಕ್ರದ ಮನೆಯೊಂದನ್ನು ತಂದು ನಿಲ್ಲಿಸಿತ್ತು. ಟ್ರಾಕ್ಟರಿಗೆ ಕಟ್ಟಿ ಎಳೆಯುವ ತಗಡಿನ ಟ್ರೇಲರ್. ಒಳಗೆ ಎರಡು ಮಂಚ, ಒಂದು ಸ್ಟೋವು, ನೆತ್ತಿಯ ಮೇಲೆ ಎರಡು ಹಳೆಯ ಸೋಲಾರ್ ಪ್ಲೇಟು. ಅವನ್ನು ತೆಗೆದು ನಾಲ್ಕು ದೊಡ್ಡ ಪ್ಲೇಟು ಕೂರಿಸಿ, ಹೊಸ ಬ್ಯಾಟರಿ ಇಟ್ಟು, ವೈರಿಂಗ್ ಪೂರ್ತಿ ಬದಲಿಸುವ ಕೆಲಸ ನನಗೆ ಬಂತು.

ಅಲ್ಲಿ ಕಾವಲಿಗಿದ್ದವನು ಯಮನೂರಪ್ಪ, ಕೆಳಗಿನ ಊರಿನವನೇ. ಹೆಂಡತಿ ಹನಮವ್ವ ದಮ್ಮಿನಿಂದ ಹಾಸಿಗೆ ಹಿಡಿದಿದ್ದಳು. ಮಗಳು ದ್ಯಾಮವ್ವ ನೋಡಿಕೊಳ್ಳುತ್ತಿದ್ದಳು. ರಾತ್ರಿ ಗುಡ್ಡ ಬಿಟ್ಟು ಇಳಿದರೆ ಇವನ ಕೆಲಸ ಹೋಗುತ್ತಿತ್ತು. ಅದಕ್ಕೇ ಗಂಡ ಹೆಂಡತಿ ಒಂದು ಗುರುತು ಮಾಡಿಕೊಂಡಿದ್ದರು. ಎಂಟು ಗಂಟೆಗೆ ಇವನು ಟ್ರೇಲರಿನ ಬಾಗಿಲ ಮೇಲಿನ ಬಲ್ಬು ಹಚ್ಚಬೇಕು. ಅವಳು ಮಲಗಿದಲ್ಲಿಂದಲೇ ಅದು ಕಾಣುತ್ತಿತ್ತು. ಕಂಡ ಮೇಲೆ ಮಗಳು ಹೊಸ್ತಿಲಲ್ಲಿ ನಿಂತು ಕಂದೀಲು ಎತ್ತಬೇಕು. ಅಲ್ಲಿಗೆ ಇಬ್ಬರಿಗೂ ನಿದ್ದೆ.

"ಕಂದೀಲ ಕಾಣಲಿಲ್ಲಂದ್ರ ನೌಕರಿ ಹೋದ್ರ ಹೋಗ್ಲಿರಿ, ಇಳದ ಬಿಡಾಂವ ನಾ" ಅಂದಿದ್ದ.

ಆ ದಿನ ಹಳೆಯ ವೈರನ್ನೆಲ್ಲ ಕಿತ್ತು ರಾಶಿ ಹಾಕಿದೆ. ಬಾಗಿಲ ಮೇಲಿನ ಬಲ್ಬನ್ನೂ ಬಿಚ್ಚಿ, ಅರಿವೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಕೆಲಸ ಸಂಜೆಯೊಳಗೆ ಮುಗಿಯಲಿಲ್ಲ. ಮೈಯೆಲ್ಲ ಬ್ಯಾಟರಿ ಆಸಿಡ್ಡಿನ ಹುಳಿ ವಾಸನೆ, ತಲೆಯಲ್ಲಿ ಸಿಟ್ಟು.

"ಮಿಸ್ತ್ರಿ, ಅದೊಂದ ಬಲ್ಬಿಗೆ ಕನೆಕ್ಷನ್ ಕೊಡ್ರಿ. ಐದ ನಿಮಿಷ ಸಾಕ್ರಿ."

ಹಳೆಯ ಬ್ಯಾಟರಿಗೆ ಎರಡು ತಂತಿ ಮುಟ್ಟಿಸಿದ್ದರೆ ಆಗುತ್ತಿತ್ತು. ನಿಜಕ್ಕೂ ಐದೇ ನಿಮಿಷ.

"ಒಂದ ರಾತ್ರಿ ಬೆಳಕ ಕಾಣದಿದ್ರ ನಿನ್ನ ಹೇಣ್ತಿ ಸಾಯಂಗಿಲ್ಲೋ, ಸುಮ್ನಿರು!" ಅಂದುಬಿಟ್ಟೆ. ಆ ಮಾತು ಇವತ್ತಿಗೂ ನನ್ನ ನಾಲಿಗೆ ಸುಡುತ್ತದೆ.

ಅವನು ಟವೆಲ್ಲು ಹೆಗಲಿಗೆ ಹಾಕಿ ಕೋಲು ತೆಗೆದುಕೊಂಡ. "ಹಂಗಾದ್ರ ಇಳದ ಬರ್ತೀನ್ರಿ. ನೀವು ಸಾಮಾನ ನೋಡ್ಕೋತ ಇರ್ರಿ."

ಸುತ್ತ ಒಂದು ಹುಳವೂ ಇಲ್ಲ. ಗಾಳಿ ಅಳೆಯುವ ಕಂಬದ ತಂತಿಗಳು ಸಿಳ್ಳು ಹಾಕುತ್ತಿದ್ದವು. ಒಬ್ಬನೇ ಇರಲು ಹೆದರಿಕೆ ಎಂದು ಬಾಯಿ ಬಿಟ್ಟು ಹೇಳುವುದು ಹೇಗೆ? "ಎಂಟ ಆಗ್ಲಿ ತಡಿ" ಎಂದು ಒಳಗೆ ಹೋಗಿ, ಸುಮ್ಮನೆ ಸಾಮಾನು ಸಪ್ಪಳ ಮಾಡುತ್ತ ಕೂತೆ.

ಎಂಟಾಗಿರಬೇಕು. ಸಿಳ್ಳು ಥಟ್ಟನೆ ನಿಂತಿತು... ಸುಟ್ಟ ರಬ್ಬರಿನ ವಾಸನೆ... ಬಾಗಿಲಾಚೆ ನೆಲದ ಮೇಲೆ ಹಳದಿ ಬೆಳಕು ಬಿತ್ತು.

"ಹತ್ತೇತ್ರಿ!" ಯಮನೂರಪ್ಪ ಹೊರಗಿಂದ ಕೂಗಿದ. "ಬೈದ್ರೂ ಮಾಡಿ ಕೊಟ್ರಿ ನೋಡ್ರಿ. ಭಾಳ ದೊಡ್ಡ ಮನಸ ನಿಮ್ದು!"

ಹೊರಗೆ ಬಂದೆ. ಬಾಗಿಲ ಮೇಲೆ ಬೆಳಕು ಕಣ್ಣು ಕುಕ್ಕುತ್ತಿತ್ತು. ಕೆಳಗೆ ಊರಿನಲ್ಲಿ ಕಂದೀಲೊಂದು ಮೇಲೆದ್ದು, ಎರಡು ಸಲ ತೂಗಿ, ಇಳಿಯಿತು. ಯಮನೂರಪ್ಪ ಅದಕ್ಕೆ ಕೈಮುಗಿದು ಕೋಲನ್ನು ಮೂಲೆಗಿಟ್ಟ.

ನಾನು ಮಾಡಿಲ್ಲ ಎನ್ನಬೇಕಿತ್ತು. "ಹೂಂ, ಆತಲ್ಲ, ಮಲ್ಕೋ" ಅಂದೆ.

ಅವನ ಗೊರಕೆ ಶುರುವಾದ ಮೇಲೆ ಬೆಳಕು ತಾನಾಗಿ ಆರಿತು. ಟಾರ್ಚು ಹಿಡಿದು ನೋಡಿದೆ... ಹೋಲ್ಡರು ಖಾಲಿ. ನಾನೇ ಕತ್ತರಿಸಿದ ತಂತಿಯ ತುದಿ ಜೋತಾಡುತ್ತಿತ್ತು. ಪೆಟ್ಟಿಗೆ ತೆಗೆದೆ. ಬಲ್ಬು ಅರಿವೆಯೊಳಗೆ ಇಟ್ಟಂತೆಯೇ ಇತ್ತು, ತಣ್ಣಗೆ.

ಎಬ್ಬಿಸಿ ಹೇಳಿದ್ದರೆ ಅವನು ಆ ಕ್ಷಣವೇ ಇಳಿದು ಓಡುತ್ತಿದ್ದ. ಆ ಬಾಗಿಲ ಕೆಳಗೆ ನಾನೊಬ್ಬನೇ ಉಳಿಯುತ್ತಿದ್ದೆ. ಎಬ್ಬಿಸಲಿಲ್ಲ. ತಲೆತುಂಬ ಹೊದ್ದು, ಅವನ ಗೊರಕೆಯನ್ನೇ ಆಸರೆ ಮಾಡಿಕೊಂಡು ಬೆಳಗು ಮಾಡಿದೆ.

ಬೆಳಕು ಹರಿಯುವಾಗ ದ್ಯಾಮವ್ವ ಬರಿಗಾಲಲ್ಲಿ ಗುಡ್ಡ ಹತ್ತಿ ಬಂದಳು.

"ಅವ್ವ ಹೋದ್ಲಪ್ಪಾ. ನಸುಕಿನ ತನಕ ಜೀವ ಹಿಡ್ಕೊಂಡಿದ್ಲು. ಗುಡ್ಡದಾಗ ಬೆಳಕಿಲ್ಲ, ನಿಮ್ಮಪ್ಪಗ ಏನಾತು, ನಿಮ್ಮಪ್ಪಗ ಏನಾತು ಅನಕೋತ..."

"ಬೆಳಕ ಇತ್ತಲ್ಲ! ನೀ ಕಂದೀಲ ಎತ್ತಿದೆಲ್ಲ!"

"ನಾ ಎಲ್ಲಿ ಎತ್ತಿನಿ? ಗುಡ್ಡಾ ಕತ್ತಲಿತ್ತು. ಅವ್ವನ ಕೈ ಬಿಟ್ಟು ಎದ್ದಿಲ್ಲ ನಾ. ಕಂದೀಲ ಕಾಣದಿದ್ರ ನೀ ಇಳದ ಬರ್ತಿ ಅಂತ ರಾತ್ರಿಯೆಲ್ಲಾ ಹಾದಿ ನೋಡಿದ್ವಿ."

ಯಮನೂರಪ್ಪ ನನ್ನ ಕಡೆ ತಿರುಗಿದ. ಅವನ ತಲೆಯ ಮೇಲೆಯೇ ಆ ಖಾಲಿ ಹೋಲ್ಡರಿತ್ತು. "ಮಿಸ್ತ್ರಿ, ನೀವ ಹೇಳ್ರಿ ಈಕಿಗೆ. ಹತ್ತಿತ್ತೋ ಇಲ್ಲೋ?"

"ಹತ್ತಿತ್ತು" ಅಂದೆ.

"ಕೇಳಿದ್ಯಾ?" ಎಂದ ಮಗಳಿಗೆ. ಅವನು ತಲೆಯೆತ್ತಿ ನೋಡಲಿಲ್ಲ. ಅವಳು ನೋಡಿದಳು. ಮೊದಲು ಹೋಲ್ಡರನ್ನು, ಆಮೇಲೆ ನನ್ನನ್ನು. ತಿರುಗಿ ಇಳಿದು ಹೋದಳು.

ಉಳಿದ ವೈರಿಂಗ್ ನಾನು ಮುಗಿಸಲಿಲ್ಲ. ಅವತ್ತು ಕೆಳಗೆ ಕಂದೀಲು ಎತ್ತಿದ್ದು ಯಾರು, ಆ ಮನುಷ್ಯನನ್ನು ಗುಡ್ಡದ ಮೇಲೆಯೇ ಕೂರಿಸಿಕೊಂಡದ್ದು ಯಾವುದು, ನನಗೆ ಗೊತ್ತಿಲ್ಲ. ಕೂರಿಸಲು ಅದಕ್ಕೆ ನೆರವಾದವನು ಯಾರೆಂಬುದು ಮಾತ್ರ ಗೊತ್ತು.

ಅಪ್ಪ ಮಗಳು ಇವತ್ತಿಗೂ ಮಾತಾಡುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ ಯಮನೂರಪ್ಪ ನನ್ನ ಕೈ ಹಿಡಿದು ಹೋಟೆಲಿಗೆ ಕರೆದೊಯ್ಯುತ್ತಾನೆ.

"ಅವತ್ತ ಖರೇ ಹೇಳಿದಾಂವ ನೀವೊಬ್ರ ನೋಡ್ರಿ" ಎನ್ನುತ್ತ ಚಹಾ ಕುಡಿಸುತ್ತಾನೆ.

ಕುಡಿಯುತ್ತೇನೆ. ಬೇಡ ಅಂದರೆ ಯಾಕೆಂದು ಹೇಳಬೇಕಾಗುತ್ತದೆ.